ಪಿನ್‌ಬಾಲ್ ಯಂತ್ರದ ರಬ್ಬರ್, ಸಿಲಿಕೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ತಿಪಟೂರು, ಶಿರಾ ಕಡೆ ಗೇಮ್ ಪಾರ್ಲರ್‌ನಲ್ಲೋ ಮನೆಯ ಹಾಲ್‌ನಲ್ಲೋ ಪಿನ್‌ಬಾಲ್ ಯಂತ್ರ, ಅಂದರೆ ಗಾಜಿನಡಿಯ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಹೊಡೆದು ಆಡುವ ಪೆಟ್ಟಿಗೆ, ಇಟ್ಟುಕೊಂಡವರಿಗಾಗಿ ಇದು. ಆಟ ಮಂಕಾಯಿತು ಅನ್ನಿಸಿದ ತಕ್ಷಣ ಕಾಯಿಲ್ (ಕರೆಂಟ್ ಸುರುಳಿ) ಸುಟ್ಟಿದೆ, ಬೋರ್ಡ್ ಹೋಗಿದೆ ಅಂತ ಬಿಚ್ಚಲು ಕೂರುವವರೇ ಜಾಸ್ತಿ. ಅದಕ್ಕೆ ಮುಂಚೆ ಗಾಜು ಸರಿಸಿ, ರಬ್ಬರ್ ಮೇಲೆ ಉಗುರು ಒತ್ತಿ ನೋಡಿ. ಎಷ್ಟೋ ದೂರು ಅಲ್ಲೇ ತೀರುತ್ತವೆ.

ಯಂತ್ರದಲ್ಲಿ ರಬ್ಬರ್ ಎಲ್ಲೆಲ್ಲಿ ಇರುತ್ತೆ?

ಗುಂಡು ಬಂದು ತಾಗುವ ಹೆಚ್ಚುಕಡಿಮೆ ಎಲ್ಲ ಕಡೆ. ಕೆಳಗಡೆ ಫ್ಲಿಪ್ಪರ್‌ಗಳ, ಅಂದರೆ ಬಟನ್ ಒತ್ತಿದಾಗ ಮೇಲೆದ್ದು ಗುಂಡನ್ನು ಹೊಡೆಯುವ ಕೈಗಳ, ಸುತ್ತ ಅಗಲವಾದ ಪಟ್ಟಿ. ಅದರ ಮೇಲೆ ಎಡಬಲಕ್ಕೆ, ಗುಂಡನ್ನು ಒದ್ದು ಚಿಮ್ಮಿಸುವ ತ್ರಿಕೋನದ ಸ್ಲಿಂಗ್‌ಶಾಟ್, ಅದರ ಸುತ್ತ ದೊಡ್ಡ ರಿಂಗ್. ಗುಂಡು ಹಾಯುವ ಓಣಿಗಳಾದ ಲೇನ್‌ಗಳ ಬಾಯಲ್ಲಿ, ಟಾರ್ಗೆಟ್‌ಗಳ ಪಕ್ಕ ನಿಂತ ಸಣ್ಣ ಕಂಬಗಳಿಗೆ, ಅಂದರೆ ಪೋಸ್ಟ್‌ಗಳಿಗೆ, ಸಣ್ಣ ರಿಂಗ್ ಅಥವಾ ಕೊಳವೆಯಂಥ ಸ್ಲೀವ್. ಗುಂಡನ್ನು ಹೊಡೆದು ಬಿಡುವ ಪ್ಲಂಜರ್ ತುದಿಗೆ ಒಂದು ಟೋಪಿ. ಕಣ್ಣಿಗೆ ಕಾಣದ ಕಡೆ, ಅಂದರೆ ರ‍್ಯಾಂಪ್ ಹಿಂದೆ, ಲೇನ್ ಕೊನೆಯಲ್ಲಿ, ಗುಂಡು ಬಂದು ನಿಲ್ಲಲೆಂದು ದಪ್ಪ ರಬ್ಬರ್ ತುಂಡುಗಳು. ಜನ ಮರೆಯುವುದು ಈ ಕೊನೆಯವನ್ನೇ.

ಪಟಪಟ ಅಂತ ಗುಂಡನ್ನು ಒದೆಯುವ ದುಂಡನೆಯ ಪಾಪ್ ಬಂಪರ್‌ನಲ್ಲಿ ಮಾತ್ರ ರಬ್ಬರ್ ಹುಡುಕಬೇಡಿ. ಅಲ್ಲಿ ಒದೆಯುವುದು ಲೋಹದ ಬಳೆ.

80 ಗ್ರಾಂ ತೂಕ, 27 ಮಿಲಿಮೀಟರ್ ಅಡ್ಡಳತೆಯ ಉಕ್ಕಿನ ಗುಂಡು ಇಷ್ಟೂ ಕಡೆ ಬಡಿದು ಬರಬೇಕು. ಬಡಿದಾಗ ಎಷ್ಟು ವೇಗ ವಾಪಸ್ ಕೊಡಬೇಕು, ಎಷ್ಟು ನುಂಗಬೇಕು, ಗುಂಡಿಗೆ ಎಷ್ಟು ಸುತ್ತು ಕೊಡಬೇಕು, ಇದನ್ನೆಲ್ಲ ರಬ್ಬರ್ ತೀರ್ಮಾನಿಸುತ್ತದೆ. ಫ್ಲಿಪ್ಪರ್ ಇದ್ದ ಮೊದಲ ಪಿನ್‌ಬಾಲ್ ಯಂತ್ರ, ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ, ಬಂದದ್ದು 1947ರಲ್ಲಿ. ಅಲ್ಲಿಂದಾಚೆಗೆ ಗುಂಡನ್ನು ಕಾಯುವ ಕೆಲಸ ಆಡುವವರ ಕೈಗೆ ಬಂತು. ಕೈಗೂ ಗುಂಡಿಗೂ ನಡುವೆ ಇರುವುದು ಆ ಪಟ್ಟಿಯೊಂದೇ.

ರಬ್ಬರ್ ಸತ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ಉಗುರು ಒತ್ತಿ ತೆಗೆಯಿರಿ. ಜೀವ ಇರುವ ರಬ್ಬರ್‌ನಲ್ಲಿ ಗುರುತು ತಕ್ಷಣ ಮಾಯವಾಗುತ್ತದೆ. ಗುರುತು ಉಳಿದರೆ ಅದು ಜಿಡ್ಡುಗಟ್ಟಿ ಮೆತ್ತಗಾಗಿದೆ. ಗುರುತೇ ಬೀಳದಿದ್ದರೆ ಒಣಗಿ ಗಟ್ಟಿಯಾಗಿದೆ. ಎರಡೂ ಕೆಲಸಕ್ಕೆ ಬಾರವು.

ಆಮೇಲೆ ಪೋಸ್ಟ್ ಸುತ್ತ ಬಾಗಿದ ಜಾಗವನ್ನು ಟಾರ್ಚ್ ಹಾಕಿ ನೋಡಿ. ಎಳೆತ ಹೆಚ್ಚಿರುವುದು ಅಲ್ಲೇ, ಬಿರುಕು ಮೊದಲು ಏಳುವುದೂ ಅಲ್ಲೇ. ಫ್ಲಿಪ್ಪರ್ ಪಟ್ಟಿಯಲ್ಲಾದರೆ ಬಿರುಕಿಗಿಂತ ಮುಂಚೆ ಹೊಳಪು ಬರುತ್ತದೆ. ಗುಂಡು ಉಜ್ಜಿ ಉಜ್ಜಿ ಮೈ ಗಾಜಿನ ಹಾಗೆ ನುಣುಪಾದರೆ ಹಿಡಿತ ಹೋಯಿತು ಅಂತಲೇ ಲೆಕ್ಕ.

ಇನ್ನೂ ಖಾತ್ರಿ ಬೇಕಾದರೆ ಹೀಗೆ ಮಾಡಿ. ಯಂತ್ರ ಆಫ್ ಇರಲಿ, ಗಾಜು ತೆಗೆದಿರಲಿ. ಬಲಗಡೆ ಇನ್‌ಲೇನ್‌ನ (ಗುಂಡನ್ನು ಫ್ಲಿಪ್ಪರ್‌ಗೆ ಇಳಿಸುವ ಓಣಿಯ) ತಲೆಯಲ್ಲಿ ಗುಂಡು ಇಟ್ಟು, ತಳ್ಳದೆ ಬಿಡಿ. ಅದು ಉರುಳಿ ಬಂದು ಸುಮ್ಮನಿರುವ ಫ್ಲಿಪ್ಪರ್‌ಗೆ ತಾಗಿ ಎಲ್ಲಿಗೆ ಹೋಗುತ್ತದೆ ನೋಡಿ. ಹತ್ತು ಸಲ ಬಿಡಿ, ಎಡಗಡೆಯೂ ಹತ್ತು ಸಲ. ಎರಡೂ ಕಡೆ ಗುಂಡು ಒಂದೇ ರೀತಿ ವರ್ತಿಸದಿದ್ದರೆ ಪಟ್ಟಿ ಸಮ ಇಲ್ಲ, ಇಲ್ಲವೇ ಯಂತ್ರವೇ ಒಂದು ಕಡೆ ವಾಲಿದೆ. ಎರಡನೆಯದನ್ನು ರಸಮಟ್ಟ ಇಟ್ಟು ಮೊದಲೇ ನೋಡಿಕೊಳ್ಳಿ. ಹೊಸ ಪಟ್ಟಿ ಹಾಕಿದ ದಿನವೇ ಈ ಪರೀಕ್ಷೆ ಮಾಡಿ ಮೊಬೈಲ್‌ನಲ್ಲಿ ವಿಡಿಯೊ ತೆಗೆದಿಟ್ಟುಕೊಂಡರೆ ಆರು ತಿಂಗಳ ನಂತರ ಹೋಲಿಸಲು ಸಲೀಸು.

ರಬ್ಬರ್, ಸಿಲಿಕೋನ್, ಪಾಲಿಯುರೆಥೇನ್: ಮೂರಕ್ಕೂ ಏನು ವ್ಯತ್ಯಾಸ?

ಹಳೆಯ ಕಾಲದಿಂದ ಬಂದದ್ದು ಸಹಜ ರಬ್ಬರ್. ಪುಟಿತದಲ್ಲಿ ಅದಕ್ಕೆ ಸಾಟಿ ಇಲ್ಲ, ಹೊಸತರಲ್ಲಿ ಹಿಡಿತವೂ ಚೆನ್ನಾಗಿರುತ್ತದೆ. ತೊಂದರೆ ಏನೆಂದರೆ ಅದಕ್ಕೆ ಶತ್ರುಗಳು ಬಹಳ. ಗಾಳಿಯಲ್ಲಿರುವ ಓಝೋನ್, ಬಿಸಿಲು, ಕಾವು, ಎಣ್ಣೆ ಎಲ್ಲವೂ ಅದನ್ನು ತಿನ್ನುತ್ತವೆ. ಅದರಲ್ಲೂ ಎಳೆದು ಹಾಕಿದ ರಬ್ಬರ್‌ಗೆ ಓಝೋನ್ ತಗುಲಿದರೆ ಎಳೆತಕ್ಕೆ ಅಡ್ಡಲಾಗಿ ಬಿರುಕು ಬಿಡುತ್ತದೆ. ಪಿನ್‌ಬಾಲ್ ರಿಂಗ್ ಜೀವಮಾನವಿಡೀ ಎಳೆದ ಸ್ಥಿತಿಯಲ್ಲೇ ಇರುವುದರಿಂದ ಪೆಟ್ಟಿಗೆಯಲ್ಲಿದ್ದ ಸ್ಪೇರ್ ಚೆನ್ನಾಗಿದ್ದು ಯಂತ್ರದಲ್ಲಿದ್ದದ್ದು ಸೀಳಿರುತ್ತದೆ. ಜೊತೆಗೆ ಸವೆದ ಪುಡಿ ಬೇರೆ. ಕಪ್ಪು ರಬ್ಬರ್‌ನಲ್ಲಿ ಇಂಗಾಲದ ಪುಡಿ ಬೆರೆತಿರುತ್ತದೆ, ಅದು ಗುಂಡಿಗೆ ಮೆತ್ತಿ ಪ್ಲೇಫೀಲ್ಡ್ (ಗುಂಡು ಉರುಳುವ ಹಲಗೆ) ಮೇಲೆಲ್ಲ ಕಪ್ಪು ಗೆರೆ ಎಳೆಯುತ್ತದೆ.

ಸಿಲಿಕೋನ್‌ನ ಬೆನ್ನೆಲುಬು ಇಂಗಾಲದ ಸರಪಳಿ ಅಲ್ಲ, ಸಿಲಿಕಾನ್ ಮತ್ತು ಆಮ್ಲಜನಕದ್ದು. ಓಝೋನ್‌ಗೆ ಅಲ್ಲಿ ಕಚ್ಚಲು ಜಾಗವಿಲ್ಲ. ಬಿಸಿಲು, ಕಾವು ಎರಡನ್ನೂ ತಡೆಯುತ್ತದೆ, ಪುಡಿ ಬಿಡುವುದಿಲ್ಲ, ಸೋಪ್ ನೀರಲ್ಲಿ ತೊಳೆದು ಮತ್ತೆ ಹಾಕಬಹುದು. ಅರೆಪಾರದರ್ಶಕ ಬಣ್ಣಗಳಲ್ಲಿ ಸಿಗುವುದರಿಂದ ಕೆಳಗಿನ ಎಲ್‌ಇಡಿ ಬೆಳಕೂ ಮೇಲೆ ಬರುತ್ತದೆ. ಅದರ ದೌರ್ಬಲ್ಯ ಒಂದೇ, ಆದರೆ ದೊಡ್ಡದು: ಹರಿದುಕೊಳ್ಳುವುದು. ಅಂಚಿನಲ್ಲಿ ಒಂದು ಸಣ್ಣ ಗಾಯವಾದರೆ ಸಾಕು, ನಾಲ್ಕು ಏಟಿಗೆ ಪೂರ್ತಿ ಕಿತ್ತು ಬರುತ್ತದೆ. ಸಹಜ ರಬ್ಬರ್ ಮೊದಲೇ ಬಿರುಕು ತೋರಿಸಿ ಎಚ್ಚರಿಸುತ್ತದೆ, ಸಿಲಿಕೋನ್ ಒಂದು ಮಾತೂ ಹೇಳದೆ ಹೋಗುತ್ತದೆ.

ಪಾಲಿಯುರೆಥೇನ್ ಸವೆತಕ್ಕೂ ಸೀಳಿಗೂ ಬಗ್ಗದ ಗಟ್ಟಿ ಪಿಂಡ. ಮುಖ್ಯವಾಗಿ ಫ್ಲಿಪ್ಪರ್ ಪಟ್ಟಿಗೆ ಬಳಸುತ್ತಾರೆ. ಬಾಳಿಕೆ ಬೇಕಾದ ಪಾರ್ಲರ್‌ಗೆ ಒಳ್ಳೆಯದು.

ನಮ್ಮ ಮಾತು ಇಷ್ಟು: ಇಡೀ ಯಂತ್ರಕ್ಕೆ ಒಂದೇ ವಸ್ತು ಹಾಕುವ ಹಟ ಬೇಡ. ಪೋಸ್ಟ್, ಸ್ಲೀವ್, ಲೇನ್ ಬಾಯಿಗೆಲ್ಲ ಸಿಲಿಕೋನ್ ಹಾಕಿ ಮರೆತುಬಿಡಿ. ಫ್ಲಿಪ್ಪರ್‌ಗೆ ಆಡುವವರ ಕೈ ಕೇಳಿ ಆರಿಸಿ. ಸ್ಲಿಂಗ್‌ಶಾಟ್‌ಗೆ ಯಾವುದು ಹಾಕಿದರೂ ಸ್ವಿಚ್ ಹೊಂದಿಸದೆ ಗಾಜು ಮುಚ್ಚಬೇಡಿ.

ಶೋರ್ ಎ ಅಂತ ಬರೆದಿರುತ್ತಾರಲ್ಲ, ಅದೇನು?

ಗಡಸುತನದ ಅಳತೆ. ಸಂಖ್ಯೆ ಹೆಚ್ಚಾದಷ್ಟೂ ವಸ್ತು ಗಟ್ಟಿ. ಪುಸ್ತಕಕ್ಕೆ ಹಾಕುವ ರಬ್ಬರ್ ಬ್ಯಾಂಡ್ 20-30ರ ಆಸುಪಾಸು, ಕಾರಿನ ಟೈರಿನ ಮೈ 60-70ರ ಆಸುಪಾಸು. ಪಿನ್‌ಬಾಲ್ ರಿಂಗ್ ಈ ಎರಡರ ನಡುವೆ ಬರುತ್ತದೆ.

ಇಲ್ಲಿ ಎಲ್ಲರೂ ಎಡವುವುದು ಒಂದು ಕಡೆ: ಗಡಸುತನವೇ ಪುಟಿತ ಅಂದುಕೊಳ್ಳುವುದು. ಎರಡೂ ಬೇರೆ. ಒಂದೇ ಗಡಸುತನದ ಎರಡು ರಿಂಗ್‌ಗಳಲ್ಲಿ ಒಂದು ಗುಂಡನ್ನು ಚಿಮ್ಮಿಸಬಹುದು, ಇನ್ನೊಂದು ನುಂಗಿಬಿಡಬಹುದು. ಪುಟಿತ ಅಂದರೆ ಅದುಮಿದಾಗ ತೆಗೆದುಕೊಂಡ ಶಕ್ತಿಯಲ್ಲಿ ಎಷ್ಟು ವಾಪಸ್ ಕೊಡುತ್ತದೆ ಅನ್ನುವುದು. ಅದನ್ನು ಪ್ಯಾಕೆಟ್ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ, ಮೇಲೆ ಹೇಳಿದ ಹತ್ತು ಸಲದ ಪರೀಕ್ಷೆಯಲ್ಲೇ ತಿಳಿಯಬೇಕು.

ಬಣ್ಣ ನೋಡಿ ತಗೋಬಹುದಾ?

ಅಂದಕ್ಕೆ ತಗೊಳ್ಳಿ, ಆಟಕ್ಕೆ ಬೇಡ. ಒಬ್ಬ ತಯಾರಕರ ಕೆಂಪು ಇನ್ನೊಬ್ಬರ ಕಪ್ಪಿಗಿಂತ ಗಟ್ಟಿಯಿರಬಹುದು. ಒಂದೇ ಕಂಪನಿಯ ಕ್ಯಾಟಲಾಗ್‌ನೊಳಗೆ ಬಣ್ಣಕ್ಕೆ ಒಂದೊಂದು ಗಡಸುತನ ಅಂತ ಬರೆದಿದ್ದರೆ ಮಾತ್ರ ನಂಬಿ. ಸಹಜ ರಬ್ಬರ್‌ನಲ್ಲಿ ಬಿಳಿಯದಕ್ಕೆ ಒಂದು ಅನುಕೂಲ ಇದೆ, ಉದುರಿದ ಪುಡಿ ಎದ್ದು ಕಾಣುವುದಿಲ್ಲ. ಅದೇ ಅನಾನುಕೂಲವೂ ಹೌದು, ಪುಡಿ ಇದೆ ಅಂತಲೇ ಗೊತ್ತಾಗುವುದಿಲ್ಲ.

ಫ್ಲಿಪ್ಪರ್ ಪಟ್ಟಿ ಬದಲಾಯಿಸಿದ ಮೇಲೆ ನನ್ನ ಗುರಿಯೆಲ್ಲ ತಪ್ಪುತ್ತಿದೆ. ಯಾಕೆ?

ಪಟ್ಟಿ ಕೆಟ್ಟದ್ದಿರಲೇಬೇಕು ಅಂತಿಲ್ಲ, ಕೈ ಹಳೆಯದಕ್ಕೆ ಒಗ್ಗಿದೆ. ಸವೆದು ನುಣುಪಾದ ಪಟ್ಟಿಯ ಮೇಲೆ ಗುಂಡು ಸ್ವಲ್ಪ ಜಾರುತ್ತದೆ, ಹೊಸದು ಕಚ್ಚಿ ಹಿಡಿಯುತ್ತದೆ. ಫ್ಲಿಪ್ಪರ್ ಮೇಲೆದ್ದಾಗ ಗುಂಡು ಬಿಟ್ಟುಹೋಗುವ ಕ್ಷಣವೂ ಕೋನವೂ ಕೂದಲೆಳೆಯಷ್ಟು ಬದಲಾದರೂ ಒಂದು ಮೀಟರ್ ಆಚೆಗಿನ ರ‍್ಯಾಂಪ್ ಬಾಯಿಗೆ ಅದು ಎರಡು ಬೆರಳು ಆಚೆ ಈಚೆ. ಒಂದು ಸಂಜೆ ಪೂರ್ತಿ ಆಡಿ, ಆಮೇಲೆ ತೀರ್ಮಾನಕ್ಕೆ ಬನ್ನಿ.

ಹಿಡಿಯುವ ತಂತ್ರಗಳೂ ಬದಲಾಗುತ್ತವೆ. ಫ್ಲಿಪ್ಪರ್ ಎತ್ತದೆ ಗುಂಡನ್ನು ಪುಟಿಸಿ ಆಚೆ ಫ್ಲಿಪ್ಪರ್‌ಗೆ ದಾಟಿಸುವುದಕ್ಕೆ ಪುಟಿತ ಜಾಸ್ತಿ ಇರುವ ಪಟ್ಟಿ ಬೇಕು. ಗುಂಡು ಬಂದು ಬಡಿಯುವ ಗಳಿಗೆಗೆ ಸರಿಯಾಗಿ ಫ್ಲಿಪ್ಪರ್ ಎತ್ತಿ ಅದನ್ನು ಅಲ್ಲೇ ಸಾಯಿಸಿ ಹಿಡಿಯುವುದಕ್ಕೆ ಪುಟಿತ ಕಡಿಮೆ ಇರುವುದೇ ವಾಸಿ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಮಕ್ಕಳು, ಹೊಸಬರು ಹೆಚ್ಚಾಗಿ ಆಡುವ ಯಂತ್ರಕ್ಕೆ ಗುಂಡನ್ನು ನುಂಗುವ ಪಟ್ಟಿ ಹಾಕಿದರೆ ಅವರಿಗೆ ಆಟ ಕೈಗೆ ಸಿಗುತ್ತದೆ.

ಈಚಿನ ಯಂತ್ರಗಳ ಮಾಮೂಲಿ 3 ಇಂಚಿನ ಫ್ಲಿಪ್ಪರ್‌ಗೆ ಬೇಕಾದ ಪಟ್ಟಿ ಒಳ ಅಡ್ಡಳತೆ ಒಂದೂವರೆ ಇಂಚು, ಅಗಲ ಅರ್ಧ ಇಂಚು. ಹಾಕುವಾಗ ನಾಲ್ಕು ಮಾತು ನೆನಪಿರಲಿ.

ಎರಡೂ ಪಟ್ಟಿ ಒಟ್ಟಿಗೆ, ಒಂದೇ ಪ್ಯಾಕೆಟ್‌ನಿಂದ ಹಾಕಿ. ಒಂದನ್ನು ಮಾತ್ರ ಬದಲಿಸಿದರೆ ಎಡಗೈಗೊಂದು ಬಲಗೈಗೊಂದು ಯಂತ್ರ ಆದಂತೆ. ಪಟ್ಟಿ ತಿರುಚಿಕೊಳ್ಳದೆ ಕೂರಬೇಕು. ಸ್ವಲ್ಪ ಉಬ್ಬಿದರೂ ಗುಂಡು ಅಲ್ಲಿ ಎಡವುತ್ತದೆ. ಇನ್‌ಲೇನ್‌ನ ಕಂಬಿಯಿಂದ ಫ್ಲಿಪ್ಪರ್‌ಗೆ ಗುಂಡು ಇಳಿಯುವ ಜಾಗದಲ್ಲಿ ಮೆಟ್ಟಿಲು ಇರಬಾರದು. ದಪ್ಪ ಪಟ್ಟಿ ಹಾಕಿದಾಗ ಮೆಟ್ಟಿಲು ಏಳುತ್ತದೆ, ಗುಂಡು ಅಲ್ಲಿ ಜಿಗಿಯುತ್ತದೆ. ಹಾಗಾದರೆ ಫ್ಲಿಪ್ಪರ್ ಸುಮ್ಮನಿರುವ ಕೋನವನ್ನು ಮತ್ತೆ ಹೊಂದಿಸಬೇಕು. ಎಷ್ಟೋ ಯಂತ್ರಗಳಲ್ಲಿ ಇದಕ್ಕೆಂದೇ ಫ್ಲಿಪ್ಪರ್ ಪಕ್ಕ ಪ್ಲೇಫೀಲ್ಡ್‌ನಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಅದರಲ್ಲಿ ಹಲ್ಲುಕಡ್ಡಿ ಸಿಕ್ಕಿಸಿ, ಅದಕ್ಕೆ ಫ್ಲಿಪ್ಪರ್ ತಾಗಿಸಿ ಬಿಗಿಯಬೇಕು. ಹಲ್ಲುಕಡ್ಡಿ ಇಲ್ಲದಿದ್ದರೆ ತೆಂಗಿನ ಪೊರಕೆ ಕಡ್ಡಿಯೂ ನಡೆಯುತ್ತದೆ.

ಇನ್ನೊಂದು ಉಳಿತಾಯದ ದಾರಿ: ಗುಂಡು ಬಡಿಯುವುದು ಪಟ್ಟಿಯ ಒಂದು ಮೈಗೆ ಮಾತ್ರ. ಆ ಮೈ ಹೊಳೆಯತೊಡಗಿದಾಗ ಪಟ್ಟಿಯನ್ನು ಅರ್ಧ ಸುತ್ತು ಜರುಗಿಸಿ. ಹಿಂಬದಿಯಲ್ಲಿದ್ದ ಹೊಸ ಮೈ ಮುಂದಕ್ಕೆ ಬರುತ್ತದೆ. ಆಯುಸ್ಸು ಹೆಚ್ಚುಕಡಿಮೆ ಎರಡರಷ್ಟು.

ಸ್ಲಿಂಗ್‌ಶಾಟ್ ಸುಮ್ಮಸುಮ್ಮನೆ ಪಟಪಟ ಹೊಡೆದುಕೊಳ್ಳುತ್ತಿದೆ

ಸ್ಲಿಂಗ್‌ಶಾಟ್ ರಿಂಗ್‌ನ ಹಿಂದೆ ಎರಡು ಎಲೆ ಸ್ವಿಚ್ (ತೆಳು ಲೋಹದ ಪಟ್ಟಿಗಳು ಒಂದಕ್ಕೊಂದು ತಾಗಿದಾಗ ಮುಚ್ಚುವ ಸ್ವಿಚ್) ಇರುತ್ತವೆ, ನಡುವೆ ಒದೆಯುವ ತೋಳು. ಗುಂಡು ರಿಂಗನ್ನು ಒಳಕ್ಕೆ ತಳ್ಳುತ್ತದೆ, ರಿಂಗ್ ಸ್ವಿಚ್‌ನ ಎಲೆಯನ್ನು ತಳ್ಳುತ್ತದೆ, ಕಾಯಿಲ್‌ಗೆ ಕರೆಂಟ್ ಹೋಗಿ ತೋಳು ಹೊರಗೆ ಒದೆಯುತ್ತದೆ. ಅಂದರೆ ಇಲ್ಲಿ ರಿಂಗ್ ಬರೀ ಗೋಡೆಯಲ್ಲ, ಸ್ವಿಚ್ ಒತ್ತುವ ಬೆರಳೂ ಹೌದು.

ರಿಂಗ್ ಸಡಿಲವಾದರೆ ಜೋತುಬಿದ್ದು ಎಲೆಗೆ ಒರಗುತ್ತದೆ, ಒಂದು ಏಟು ಬಿದ್ದ ಮೇಲೆ ತೂಗಾಡಿ ಮತ್ತೆ ಮತ್ತೆ ಸ್ವಿಚ್ ಒತ್ತುತ್ತದೆ. ಪಟಪಟ ಸದ್ದು ಅದೇ. ಬಹಳ ಬಿಗಿಯಾದರೆ ಉಲ್ಟಾ: ನಿಧಾನಕ್ಕೆ ಬಂದ ಗುಂಡಿಗೆ ರಿಂಗ್ ಒಳಕ್ಕೆ ಹೋಗುವುದೇ ಇಲ್ಲ, ಸ್ಲಿಂಗ್‌ಶಾಟ್ ನಿದ್ದೆ ಮಾಡುತ್ತದೆ. ಸಿಲಿಕೋನ್ ಹಾಕಿದ ಮೇಲೆ ಬರುವ ದೂರು ಬಹುಪಾಲು ಇವೆರಡರಲ್ಲೊಂದು. ವಸ್ತುವಿನ ತಪ್ಪಲ್ಲ, ಹಳೆಯ ರಿಂಗ್‌ನ ಮೆದುವಿಗೆ ಹೊಂದಿಸಿದ್ದ ಸ್ವಿಚ್ ಹೊಸದಕ್ಕೆ ಹೊಂದುತ್ತಿಲ್ಲ.

ಹೊಂದಿಸುವಾಗ ಎಲೆ ರಿಂಗ್‌ಗೆ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ಇರಲಿ, ಆದರೆ ಒತ್ತಬಾರದು. ಸ್ವಿಚ್‌ನ ಎರಡು ಚುಕ್ಕೆಗಳ ನಡುವೆ ಸುಮಾರು ಒಂದೂವರೆ ಮಿಲಿಮೀಟರ್ ಬಿಡಿ. ಎಲೆಯನ್ನು ತುದಿಯಲ್ಲಿ ಬಗ್ಗಿಸಬೇಡಿ, ಬುಡದ ಹತ್ತಿರ ಬಗ್ಗಿಸಿ. ಆಮೇಲೆ ಬೆರಳಲ್ಲಿ ರಿಂಗನ್ನು ಮೂರು ಕಡೆ ಮೆಲ್ಲಗೆ ಒತ್ತಿ: ಮೇಲೆ, ಕೆಳಗೆ, ನಡುವೆ. ಮೂರು ಕಡೆಯೂ ಒಂದೇ ಒತ್ತಡಕ್ಕೆ ಸ್ವಿಚ್ ಮುಚ್ಚಬೇಕು. ಯಂತ್ರ ಆನ್ ಇರುವಾಗ ಈ ಬೆರಳಾಟ ಬೇಡ, ತೋಳು ಒದ್ದರೆ ಉಗುರು ಕಪ್ಪಾಗುತ್ತದೆ.

ಸ್ವಿಚ್ ಮುಚ್ಚಿಯೇ ಉಳಿದರೆ ಹಳೆಯ ರಿಲೇ ಯಂತ್ರಗಳಲ್ಲಿ ಕಾಯಿಲ್‌ಗೆ ಕರೆಂಟ್ ಹರಿಯುತ್ತಲೇ ಇದ್ದು ಸುಟ್ಟುಹೋಗಬಹುದು. ಸಡಿಲ ರಿಂಗ್‌ನಿಂದ ಕಾಯಿಲ್ ಸುಡುವುದು ಹೀಗೆ.

ಯಾವ ಅಳತೆಯ ರಿಂಗ್ ಬೇಕು ಅಂತ ಲೆಕ್ಕ ಹಾಕೋದು ಹೇಗೆ?

ರಿಂಗ್‌ಗಳನ್ನು ಒಳ ಅಡ್ಡಳತೆಯಲ್ಲಿ, ಇಂಚಿನಲ್ಲಿ ಹೇಳುತ್ತಾರೆ. ತೆಗೆದ ಹಳೆಯ ರಿಂಗನ್ನು ಅಳೆದು ಅದೇ ಅಳತೆ ತರಿಸುವುದು ಎಲ್ಲರೂ ಮಾಡುವ ತಪ್ಪು. ವರ್ಷಗಟ್ಟಲೆ ಎಳೆದಿದ್ದ ರಬ್ಬರ್ ವಾಪಸ್ ಕುಗ್ಗಿರುವುದಿಲ್ಲ. ಪೋಸ್ಟ್‌ಗಳನ್ನೇ ಅಳೆಯಿರಿ.

ದರ್ಜಿಗಳ ಟೇಪ್ ಅಥವಾ ಒಂದು ದಾರ ತೆಗೆದುಕೊಂಡು, ರಿಂಗ್ ಕೂರುವ ತೋಡಿನಲ್ಲೇ ಎಲ್ಲ ಪೋಸ್ಟ್‌ಗಳ ಹೊರಗಿನಿಂದ ಒಂದು ಸುತ್ತು ತನ್ನಿ. 240 ಮಿಲಿಮೀಟರ್ ಬಂತು ಅನ್ನಿ. 3.14ರಿಂದ ಭಾಗಿಸಿದರೆ ಸುಮಾರು 76, ಅಂದರೆ 3 ಇಂಚು. ಆದರೆ 3 ಇಂಚಿನ ರಿಂಗ್ ಹಾಕಿದರೆ ಎಳೆತವೇ ಇರುವುದಿಲ್ಲ, ಜೋತುಬೀಳುತ್ತದೆ. ಎರಡೂವರೆ ಇಂಚಿನದು, ಅಂದರೆ 63.5 ಮಿಲಿಮೀಟರ್, ಹಾಕಿ. ಅದರ ಸುತ್ತಳತೆ 199 ಮಿಲಿಮೀಟರ್; 240ಕ್ಕೆ ಎಳೆದಾಗ ಶೇಕಡಾ 20ರಷ್ಟು ಹಿಗ್ಗುತ್ತದೆ. ಶೇಕಡಾ 10ರಿಂದ 20 ಹಿಗ್ಗಿದರೆ ಸರಿಯಾದ ಬಿಗಿ. ಅದಕ್ಕಿಂತ ತುಂಬಾ ಹೆಚ್ಚಾದರೆ ರಿಂಗ್ ಸಣಕಲಾಗುತ್ತದೆ, ಪುಟಿತ ಒರಟಾಗುತ್ತದೆ, ಬೇಗ ಸೀಳುತ್ತದೆ, ಪ್ಲಾಸ್ಟಿಕ್ ಪೋಸ್ಟ್‌ಗಳನ್ನೂ ಒಳಕ್ಕೆ ಬಗ್ಗಿಸುತ್ತದೆ.

ಗುಂಡು ಮೇಲಕ್ಕೆ ಹಾರಿ ಗಾಜಿಗೆ ಬಡಿಯುತ್ತೆ

ರಿಂಗ್ ಕೂತಿರುವ ಎತ್ತರ ನೋಡಿ. ಗುಂಡಿನ ನಡುಮಧ್ಯ ಪ್ಲೇಫೀಲ್ಡ್‌ನಿಂದ 13.5 ಮಿಲಿಮೀಟರ್ ಮೇಲಿರುತ್ತದೆ. ರಿಂಗ್ ಆ ಮಟ್ಟದಲ್ಲೇ ತಾಗಿದರೆ ಗುಂಡು ನೇರ ವಾಪಸ್ ಬರುತ್ತದೆ. ಕೆಳಗೆ ಜಾರಿದ್ದರೆ ಗುಂಡಿನ ಹೊಟ್ಟೆಯ ಅಡಿಗೆ ಕೈ ಹಾಕಿ ಎತ್ತಿದ ಹಾಗೆ, ಅದು ಹಾರಲೇಬೇಕು. ತುಂಬಾ ಮೇಲಿದ್ದರೆ ಗುಂಡನ್ನು ಕೆಳಕ್ಕೆ ಒತ್ತಿ ಪ್ಲೇಫೀಲ್ಡ್‌ನ ಬಣ್ಣ ಉಜ್ಜುತ್ತದೆ. ನಕ್ಷತ್ರಾಕಾರದ ಎಷ್ಟೋ ಪೋಸ್ಟ್‌ಗಳಲ್ಲಿ ಎರಡು ತೋಡು ಇರುತ್ತವೆ. ಅವಸರದಲ್ಲಿ ಒಂದು ಪೋಸ್ಟ್‌ಗೆ ಮೇಲಿನ ತೋಡು, ಇನ್ನೊಂದಕ್ಕೆ ಕೆಳಗಿನದು ಆಗಿ ರಿಂಗ್ ಓರೆಯಾಗುವುದು ಮಾಮೂಲು.

ಇಲ್ಲೇ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಓ-ರಿಂಗ್ ಹಾಕಿದರೆ ಆಗಲ್ವಾ?

ಕೆಲವು ಕಡೆ ಆಗುತ್ತದೆ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತಮುತ್ತಲೋ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ಓ-ರಿಂಗ್‌ಗೆ ಬರವಿಲ್ಲ. ಆದರೆ ಅವು ಮಾಡಿರುವುದು ಪೈಪು, ಪಂಪು ಸೋರದ ಹಾಗೆ ತಡೆಯಲು. ಮಾಮೂಲಿಯಾಗಿ ಸಿಗುವುದು ನೈಟ್ರೈಲ್, ಗಡಸುತನ 70 ಶೋರ್ ಎ. ಪಿನ್‌ಬಾಲ್‌ಗೆ ಅದು ಕಲ್ಲು. ಗುಂಡು ಬಡಿದಾಗ ಟಕ್ ಅನ್ನುತ್ತದೆ, ಏಟೆಲ್ಲ ಪೋಸ್ಟ್‌ಗೆ ಇಳಿಯುತ್ತದೆ, ಹಳೆಯ ಪ್ಲಾಸ್ಟಿಕ್ ಪೋಸ್ಟ್ ಸೀಳುತ್ತದೆ. ನೈಟ್ರೈಲ್ ಎಣ್ಣೆಗೆ ಬಗ್ಗದಿದ್ದರೂ ಎಳೆದಿಟ್ಟರೆ ಓಝೋನ್‌ಗೆ ಬಗ್ಗುತ್ತದೆ.

ಗುಂಡು ಜೋರಾಗಿ ತಾಗದ ಮೂಲೆಗೆ, ಅಲಂಕಾರದ ಪ್ಲಾಸ್ಟಿಕ್ ಕೆಳಗಿನ ಪೋಸ್ಟ್‌ಗೆ ಹಾಕಿಕೊಳ್ಳಿ. ಹಾಕುವುದಾದರೆ ಸಿಲಿಕೋನ್ ಓ-ರಿಂಗ್ ಕೇಳಿ, 50 ಶೋರ್ ಎ ಸಿಕ್ಕರೆ ಇನ್ನೂ ಒಳ್ಳೆಯದು. ದಪ್ಪ 3.53 ಮತ್ತು 5.33 ಮಿಲಿಮೀಟರ್ ಎರಡು ಸಿಗುತ್ತವೆ. ಎರಡನೆಯದೇ ಪಿನ್‌ಬಾಲ್ ರಿಂಗ್‌ಗೆ ಹತ್ತಿರ. ಫ್ಲಿಪ್ಪರ್, ಸ್ಲಿಂಗ್‌ಶಾಟ್ ಎರಡಕ್ಕೆ ಮಾತ್ರ ಅಸಲಿಯನ್ನೇ ತರಿಸಿ. ಹೊರದೇಶದ ಕೊರಿಯರ್ ಖರ್ಚು, ಸುಂಕ ಎಲ್ಲ ಸೇರುವುದರಿಂದ ಒಂದೊಂದೇ ತರಿಸದೆ ಯಂತ್ರದ ಹೆಸರು ಹೇಳಿ ಪೂರ್ತಿ ಸೆಟ್ ತರಿಸುವುದೇ ಲಾಭ.

ಸೈಕಲ್ ಟ್ಯೂಬ್ ಕತ್ತರಿಸಿ ಹಾಕಬಹುದಾ?

ಚಾಟರಿಬಿಲ್ಲಿಗೆ ಟ್ಯೂಬ್ ಕಟ್ಟಿ ಆಡಿದವರೆಲ್ಲ ಕೇಳುವ ಪ್ರಶ್ನೆ. ಈಗಿನ ಟ್ಯೂಬ್‌ಗಳು ಹೆಚ್ಚಾಗಿ ಬ್ಯುಟೈಲ್. ಗಾಳಿ ಹಿಡಿದಿಡುವುದರಲ್ಲಿ ಅದು ಎತ್ತಿದ ಕೈ, ಪುಟಿತದಲ್ಲಿ ಸೊನ್ನೆ. ಗುಂಡು ಬಂದು ತಾಗಿ ಅಲ್ಲೇ ಸುಸ್ತಾಗಿ ಬೀಳುತ್ತದೆ. ಕತ್ತರಿಸಿದ ಅಂಚಿನಿಂದ ಸೀಳೂ ಶುರುವಾಗುತ್ತದೆ. ಕುಕ್ಕರ್ ಗ್ಯಾಸ್ಕೆಟ್ ತುಂಡು ಮಾಡಿ ಅಂಟಿಸುವುದೂ ಬೇಡ, ಅಂಟಿನ ಗಂಟು ಇರುವ ಕಡೆ ಗುಂಡು ಅಡ್ಡದಿಡ್ಡಿ ಹೋಗುತ್ತದೆ.

ಎಲ್ಲ ರಿಂಗ್ ಬದಲಿಸುವ ಕ್ರಮ ಹೇಳಿ

ಒಂದು ಭಾನುವಾರ ಪೂರ್ತಿ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಪೆಟ್ಟಿಗೆಯೊಳಗೆ ಮೇನ್ಸ್ ಕರೆಂಟ್ ಬರುತ್ತದೆ. ಕಾಸು ಹಾಕುವ ಬಾಗಿಲು ತೆಗೆದು, ಒಳಗಿನ ಲಿವರ್ ಜರುಗಿಸಿ, ಮುಂದಿನ ಲೋಹದ ಪಟ್ಟಿ ಎತ್ತಿ, ಗಾಜನ್ನು ನಿಮ್ಮ ಕಡೆಗೆ ಎಳೆಯಿರಿ. ಟಫನ್ಡ್ ಗಾಜು ಮಧ್ಯೆ ಏಟು ತಾಳುತ್ತದೆ, ಅಂಚಿಗೆ ತಾಳುವುದಿಲ್ಲ. ಗ್ರಾನೈಟ್ ನೆಲದ ಮೇಲೆ ಬರಿದೇ ನಿಲ್ಲಿಸಿದರೆ ಕ್ಷಣಾರ್ಧದಲ್ಲಿ ಪುಡಿ. ಕಂಬಳಿ ಮಡಿಸಿ ಹಾಸಿ ಅದರ ಮೇಲೆ ಒರಗಿಸಿ. ಗುಂಡುಗಳನ್ನೆಲ್ಲ ಹೊರಗೆ ತೆಗೆಯಿರಿ, ಪ್ಲೇಫೀಲ್ಡ್ ಎತ್ತುವ ಸಂದರ್ಭ ಬಂದರೆ ಅವು ಹಿಂದಕ್ಕೆ ಉರುಳಿ ಬಲ್ಬ್ ಒಡೆಯುತ್ತವೆ.

ಬಿಚ್ಚುವ ಮುಂಚೆ ಮೇಲಿನಿಂದ, ಪಕ್ಕದಿಂದ ಫೋಟೊ ತೆಗೆದುಕೊಳ್ಳಿ. ಯಾವ ಪೋಸ್ಟ್‌ಗೆ ಯಾವ ತೋಡು ಅಂತ ಕಾಣುವ ಹಾಗಿರಲಿ. ಇಡೀ ಯಂತ್ರ ಒಟ್ಟಿಗೆ ಬಿಚ್ಚಬೇಡಿ. ಒಂದು ಮೂಲೆ ಬಿಚ್ಚಿ, ಒರೆಸಿ, ಹೊಸ ರಿಂಗ್ ಹಾಕಿ, ಮುಚ್ಚಿ, ಮುಂದಿನದಕ್ಕೆ ಹೋಗಿ. ಬಿಚ್ಚಿದ ಸ್ಕ್ರೂಗಳಿಗೆ ಮೊಟ್ಟೆ ಟ್ರೇ ಇಟ್ಟುಕೊಂಡರೆ ಕಳೆಯುವುದಿಲ್ಲ.

ನಟ್‌ಗಳ ವಿಷಯಕ್ಕೆ ಬಂದರೆ, ಅಮೆರಿಕದ ಯಂತ್ರಗಳಲ್ಲಿ ಎಲ್ಲವೂ ಇಂಚಿನ ಲೆಕ್ಕ. 5/16 ಇಂಚಿನ ನಟ್‌ಗೆ ನಮ್ಮ 8 ಮಿಲಿಮೀಟರ್ ಪಾನಾ ಹಿಡಿಯುತ್ತದೆ. 1/4 ಮತ್ತು 11/32 ಇಂಚಿಗೆ ಸರಿಹೋಗುವ ಮಿಲಿಮೀಟರ್ ಪಾನಾ ಇಲ್ಲ, ಬಲವಂತ ಮಾಡಿದರೆ ಮೂಲೆ ಸವೆದು ನಟ್ ದುಂಡಗಾಗುತ್ತದೆ. ಇಂಚಿನ ನಟ್ ಡ್ರೈವರ್ ಇವೆರಡು ತಗೊಳ್ಳಲೇಬೇಕು.

ರಿಂಗನ್ನು ತೋಡಿಗೆ ಕೂರಿಸಲು ಸ್ಕ್ರೂಡ್ರೈವರ್ ಬಳಸಬೇಡಿ, ಸಿಲಿಕೋನ್‌ಗಂತೂ ಮುಟ್ಟಿಸಲೇಬೇಡಿ. ಐಸ್‌ಕ್ರೀಮ್ ಕಡ್ಡಿ ಸಾಕು. ಬಿಗಿಯಾಗಿದ್ದರೆ ಸೋಪ್ ನೀರಲ್ಲಿ ಅದ್ದಿದ ಬೆರಳು ಸವರಿ. ಪ್ಲಾಸ್ಟಿಕ್ ಮೇಲಿನ ನಟ್ ಬೆರಳಲ್ಲಿ ತಿರುಗಿಸುವಷ್ಟು ತಿರುಗಿಸಿ, ಆಮೇಲೆ ಕಾಲು ಸುತ್ತು. ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ಒಡೆಯುತ್ತದೆ, ಅದು ಮತ್ತೆ ಸಿಗುವ ವಸ್ತುವಲ್ಲ.

ಕೊನೆಗೆ ಗುಂಡುಗಳನ್ನು ಬೆಳಕಿಗೆ ಹಿಡಿದು ನೋಡಿ. ತುಕ್ಕಿನ ಚುಕ್ಕೆ, ಗೀರು ಕಂಡರೆ ಅವನ್ನು ವಾಪಸ್ ಹಾಕಬೇಡಿ. ಒರಟು ಗುಂಡು ಹೊಸ ರಬ್ಬರ್‌ಗೆ ಉಪ್ಪುಕಾಗದ ಉಜ್ಜಿದ ಹಾಗೆ.

ಕೊಬ್ಬರಿ ಎಣ್ಣೆ ಸವರಿದರೆ ಒಣಗಿದ ರಬ್ಬರ್ ಮೆತ್ತಗಾಗುತ್ತಲ್ಲ?

ತಿಪಟೂರು ಸೀಮೆಯಲ್ಲಿ ಎಲ್ಲದಕ್ಕೂ ಅದೇ ಮದ್ದು, ಸರಿ. ಇಲ್ಲಿ ಮಾತ್ರ ಬೇಡ. ಎಣ್ಣೆ ಸಹಜ ರಬ್ಬರ್‌ನೊಳಗೆ ಇಳಿದು ಅದನ್ನು ಉಬ್ಬಿಸುತ್ತದೆ. ಮೆತ್ತಗಾದದ್ದು ಜೀವ ಬಂದದ್ದಲ್ಲ, ಕೊಳೆಯತೊಡಗಿದ್ದು. ಜಿಡ್ಡು ಗುಂಡಿಗೆ ಹತ್ತಿ, ಗುಂಡಿನಿಂದ ಪ್ಲೇಫೀಲ್ಡ್‌ಗೆ ಹತ್ತಿ, ಅದರ ಮೇಲೆ ಧೂಳು ಕೂರುತ್ತದೆ. ಪೆಟ್ರೋಲ್, ಥಿನ್ನರ್, ತುಕ್ಕು ಬಿಡಿಸುವ ಸ್ಪ್ರೇಗಳಿಗೂ ಇದೇ ಮಾತು.

ಹಾಗಾದರೆ ಸ್ವಚ್ಛ ಮಾಡೋದು ಹೇಗೆ?

ಸಿಲಿಕೋನ್ ರಿಂಗ್ ಬಿಚ್ಚಿ ಪಾತ್ರೆ ತೊಳೆಯುವ ಸೋಪ್ ನೀರಲ್ಲಿ ಅದ್ದಿ, ಬೆರಳಲ್ಲೇ ಉಜ್ಜಿ, ನೆರಳಲ್ಲಿ ಒಣಗಿಸಿ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಬಿಳಿ ಪೊರೆ ಕೂರುತ್ತದೆ, ಅದರಿಂದ ರಿಂಗ್ ಜಾರುತ್ತದೆ. ಕೊನೆಯ ಜಾಲಾಟಕ್ಕೆ ಫಿಲ್ಟರ್ ನೀರು ಬಳಸಿ, ಬಟ್ಟೆಯಲ್ಲಿ ಒರೆಸಿ.

ಸಹಜ ರಬ್ಬರ್ ಫ್ಲಿಪ್ಪರ್ ಪಟ್ಟಿಯನ್ನು ಯಂತ್ರದಿಂದ ಬಿಚ್ಚಿ, ಮೆಡಿಕಲ್ ಸ್ಟೋರ್‌ನ ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ಹಚ್ಚಿದ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಹೊಳಪು ಹೋಗಿ ಹಿಡಿತ ವಾಪಸ್ ಬರುತ್ತದೆ. ನೆನೆಸಿಡಬೇಡಿ. ಅದೇ ಬಟ್ಟೆಯನ್ನು ಹಳೆಯ ಪ್ಲೇಫೀಲ್ಡ್ ಮೇಲೆ ಆಡಿಸಬೇಡಿ, ಹಳೆಯ ವಾರ್ನಿಷ್ ಎದ್ದು ಬರಬಹುದು. ಪ್ಲೇಫೀಲ್ಡ್‌ಗೆ ಅಪ್ಪಟ ಕಾರ್ನೂಬಾ ಮೇಣ ಹಚ್ಚುವುದಾದರೆ ರಿಂಗ್‌ಗಳಿಗೆ ತಾಗದಂತೆ ನೋಡಿಕೊಳ್ಳಿ. ಮೇಣ ಹತ್ತಿದ ಫ್ಲಿಪ್ಪರ್ ಪಟ್ಟಿ ಸಾಬೂನಿನ ಹಾಗೆ ಜಾರುತ್ತದೆ.

ಬೇಸಿಗೆಯಲ್ಲಿ ಶೀಟ್ ಹಾಕಿದ ಅಂಗಡಿಯಲ್ಲಿದೆ. ಬೇಗ ಹಾಳಾಗುತ್ತಾ?

ಸಹಜ ರಬ್ಬರ್ ಆಗುತ್ತದೆ. ಏಪ್ರಿಲ್‌ನಲ್ಲಿ ಶಿರಾ, ಪಾವಗಡ ಕಡೆ ಶೀಟ್ ಕೆಳಗಿನ ಕಾವು ಕೇಳಬೇಕೇ. ಗಾಜು ಮುಚ್ಚಿದ, ಒಳಗೆ ಬಲ್ಬ್ ಉರಿಯುವ ಪೆಟ್ಟಿಗೆ ಇನ್ನೂ ಬಿಸಿ. ಇಂಥ ಕಡೆ ಪೋಸ್ಟ್‌ಗಳಿಗೆಲ್ಲ ಸಿಲಿಕೋನ್ ಹಾಕುವುದಕ್ಕೆ ಎರಡನೆಯ ಮಾತಿಲ್ಲ. ಹಳೆಯ ತಂತಿ ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ ಒಳಗಿನ ಕಾವೂ ಇಳಿಯುತ್ತದೆ. ಬಾಗಿಲ ಬಿಸಿಲು ನೇರ ಬೀಳದಂತೆ ಯಂತ್ರ ತಿರುಗಿಸಿ. ಸ್ಪೇರ್ ರಬ್ಬರ್ ಜಿಪ್ ಕವರ್‌ನಲ್ಲಿ ಹಾಕಿ, ಕತ್ತಲೆಯ ಬೀರುವಿನಲ್ಲಿಡಿ. ಮೊಳೆಗೆ ನೇತುಹಾಕಿದರೆ ಎಳೆತದ ಜಾಗದಲ್ಲೇ ಸೀಳುತ್ತದೆ.

ಪಕ್ಕದ ಔಟ್‌ಲೇನ್‌ಗೇ ಗುಂಡು ಬಿದ್ದುಹೋಗುತ್ತೆ

ಔಟ್‌ಲೇನ್ ಅಂದರೆ ಗುಂಡು ಫ್ಲಿಪ್ಪರ್‌ಗೆ ಸಿಗದೆ ಅಂಚಿನಿಂದ ಕೆಳಗೆ ಹೋಗುವ ಓಣಿ. ಅದರ ಬಾಯಲ್ಲಿರುವ ಪೋಸ್ಟ್‌ನ ರಿಂಗ್ ಸವೆದಿದ್ದರೆ ಬಾಯಿ ಅಗಲವಾಗಿರುತ್ತದೆ. 27 ಮಿಲಿಮೀಟರ್ ಗುಂಡಿಗೆ ಒಂದು ಮಿಲಿಮೀಟರ್ ಕೂಡ ದೊಡ್ಡ ವ್ಯತ್ಯಾಸ. ಬಹಳ ಯಂತ್ರಗಳಲ್ಲಿ ಆ ಪೋಸ್ಟನ್ನು ಜರುಗಿಸಲು ಎರಡು ಮೂರು ತೂತುಗಳಿರುತ್ತವೆ. ಮೊದಲು ರಿಂಗ್ ಬದಲಿಸಿ, ಆಮೇಲೂ ಬೇಕಾದರೆ ಪೋಸ್ಟ್ ಜರುಗಿಸಿ.

ಪ್ಲಂಜರ್ ಎಳೆದು ಬಿಟ್ಟರೆ ಒಂದೊಂದು ಸಲ ಒಂದೊಂದು ಕಡೆ ಹೋಗುತ್ತೆ

ತುದಿಯ ರಬ್ಬರ್ ಟೋಪಿ ಒಂದು ಬದಿ ಸವೆದಿದೆ. ಬದಲಿಸಿ. ಟೋಪಿ ಬಿದ್ದೇ ಹೋಗಿದ್ದರೆ ಆಟ ನಿಲ್ಲಿಸಿ, ಕಬ್ಬಿಣಕ್ಕೆ ಕಬ್ಬಿಣ ಬಡಿದು ಗುಂಡಿಗೆ ಗೀರು ಬೀಳುತ್ತದೆ.

ರಬ್ಬರ್ ಹೊಸದು, ಆದರೂ ಫ್ಲಿಪ್ಪರ್ ಸೋಮಾರಿ

ಈಗ ಕರೆಂಟಿನ ಕಡೆ ನೋಡಿ. ಎಷ್ಟೋ ಯಂತ್ರಗಳು 110-120 ವೋಲ್ಟ್‌ನವು, ಟ್ರಾನ್ಸ್‌ಫಾರ್ಮರ್ ಮೂಲಕ ನಡೆಯುತ್ತವೆ. ಸಂಜೆ ವೋಲ್ಟೇಜ್ ಇಳಿದರೆ ಫ್ಲಿಪ್ಪರ್ ಬಲವೂ ಇಳಿಯುತ್ತದೆ. ಬೆಳಗ್ಗೆ ರ‍್ಯಾಂಪ್ ಹತ್ತುವ ಗುಂಡು ಸಂಜೆ ಅರ್ಧಕ್ಕೇ ವಾಪಸ್ ಬಂದರೆ ಅದೇ ಕಾರಣ. ಬೆಳಗ್ಗೆಯೂ ಹತ್ತದಿದ್ದರೆ ಕಾಯಿಲ್ ಒಳಗಿನ ಕೊಳವೆ (ಸ್ಲೀವ್), ಲಿಂಕ್ ಸವೆದಿರುತ್ತವೆ. ಇಳಿಜಾರೂ ಅಳೆಯಿರಿ: ಈಚಿನ ಯಂತ್ರಗಳಿಗೆ 6.5 ಡಿಗ್ರಿ, ಅಂದರೆ ಒಂದು ಮೀಟರ್ ಉದ್ದಕ್ಕೆ 11.4 ಸೆಂಟಿಮೀಟರ್ ಏರು.

ಸಿದ್ಧಗಂಗೆ ಜಾತ್ರೆಯಂಥ ಬಯಲಲ್ಲಿ ಇಟ್ಟು ಆಡಿಸಬೇಕು. ಏನು ಜಾಗ್ರತೆ?

ಶಿವರಾತ್ರಿ ಹೊತ್ತಿಗೆ ಮಣ್ಣು ಒಣಗಿರುತ್ತದೆ, ದನಗಳ ಓಡಾಟದಿಂದ ಧೂಳು ಹೇಳತೀರದು. ಗಾಜಿನ ಅಂಚಿಗೆ ಕಾಗದದ ಟೇಪ್ ಹಚ್ಚಿ. ಕಾಲುಗಳ ಕೆಳಗೆ ಹಲಗೆ ಹಾಕಿ, ರಸಮಟ್ಟ ದಿನಕ್ಕೆರಡು ಸಲ ನೋಡಿ. ಮಣ್ಣು ಒಂದು ಕಡೆ ಕುಸಿಯುತ್ತದೆ. ರಾತ್ರಿ ಮುಚ್ಚುವಾಗ ಗುಂಡು ತೆಗೆದು ಒಣಬಟ್ಟೆಯಲ್ಲಿ ಒರೆಸಿ, ಫ್ಲಿಪ್ಪರ್ ಪಟ್ಟಿಯನ್ನೂ ಒರೆಸಿ. ಬಯಲಲ್ಲಿ ಆಡಿಸುವಷ್ಟು ದಿನ ಪಾಲಿಯುರೆಥೇನ್ ಪಟ್ಟಿ ಹಾಕಿ, ಒಳ್ಳೆಯದನ್ನು ಮನೆಯಲ್ಲಿಡಿ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಸ್ಪೇರ್ ಏನಿರಬೇಕು?

ಕ್ಯಾಲೆಂಡರ್ ನೋಡಿ ಬದಲಿಸುವ ವಸ್ತುವಲ್ಲ. ಪಾರ್ಲರ್‌ನಲ್ಲಿ ದಿನವಿಡೀ ಆಡುವ ಯಂತ್ರದ ಫ್ಲಿಪ್ಪರ್ ಪಟ್ಟಿಯನ್ನು ವಾರಕ್ಕೊಮ್ಮೆ ಉಗುರಲ್ಲಿ ನೋಡಿ, ಉಳಿದ ರಿಂಗ್‌ಗಳನ್ನು ತಿಂಗಳಿಗೊಮ್ಮೆ. ಮನೆಯ ಯಂತ್ರಕ್ಕೆ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಗಾಜು ತೆಗೆದರೆ ಸಾಕು. ಆಡದೆ ಬಟ್ಟೆ ಮುಚ್ಚಿಟ್ಟ ಯಂತ್ರದಲ್ಲೂ ಸಹಜ ರಬ್ಬರ್ ಒಣಗುತ್ತಲೇ ಇರುತ್ತದೆ, ಅದನ್ನು ಮರೆಯಬೇಡಿ.

ಸ್ಪೇರ್ ಡಬ್ಬಿಯಲ್ಲಿ ಫ್ಲಿಪ್ಪರ್ ಪಟ್ಟಿ ನಾಲ್ಕು, ಸ್ಲಿಂಗ್‌ಶಾಟ್ ರಿಂಗ್ ನಾಲ್ಕು, ನಿಮ್ಮ ಯಂತ್ರದಲ್ಲಿ ಹೆಚ್ಚಾಗಿರುವ ಅಳತೆಯ ಸಣ್ಣ ಪೋಸ್ಟ್ ರಿಂಗ್ ಹತ್ತು, ಪ್ಲಂಜರ್ ಟೋಪಿ ಎರಡು, ಹೊಸ ಗುಂಡು ಒಂದು ಸೆಟ್. ಡಬ್ಬಿಯ ಮುಚ್ಚಳದ ಒಳಗೆ ಅಳತೆಗಳ ಚೀಟಿ ಅಂಟಿಸಿ, ಮುಂದಿನ ಸಲ ದಾರ ಹಿಡಿದು ಅಳೆಯುವ ಕೆಲಸ ಉಳಿಯುತ್ತದೆ.